ಹೊಳೆಯಿಲ್ಲದ ಊರಿನ ನೆರೆ

ಪಿಯಾನೋ ಮಾಸ್ತರು ಪುಸ್ತಕ ಓದುತ್ತಿದ್ದ ರೀತಿಯನ್ನು ಕಂಡವರಿಗೆ ನಗು ಬರುತ್ತಿತ್ತು. ಮೊದಲ ಪುಟದಿಂದ ಹೊರಟು ಕೊನೆಯ ಪುಟ ಮುಟ್ಟುವ ಅಭ್ಯಾಸ ಅವರಿಗೆ ಎಂದೂ ಹತ್ತಲಿಲ್ಲ. ಹೆಂಡತಿ ಪುಸ್ತಕಾಲಯದಿಂದ ತಂದು ಮೇಜಿನ ಮೇಲಿಟ್ಟದ್ದನ್ನು, ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವವನ ಹಾಗೆ, ನಡುವೆ ಎಲ್ಲೋ ಅಗಲಿಸಿ ನೋಡುತ್ತಿದ್ದರು. ಏನೂ ಕಣ್ಣಿಗೆ ಬೀಳದಿದ್ದರೆ ಮುಚ್ಚಿ ಇನ್ನೊಂದು ಕಡೆ ತೆರೆಯುತ್ತಿದ್ದರು. ಯಾವುದಾದರೂ ಒಂದು ಸಾಲು ಹಿಡಿಸಿತೆಂದರೆ ಅಲ್ಲಿಗೆ ಓದು ಮುಗಿಯಿತು. ಆ ಸಾಲನ್ನು ಬಾಯಲ್ಲಿಟ್ಟುಕೊಂಡು ಹಿತ್ತಿಲಿಗೂ ಬೀದಿಗೂ ತಿರುಗುವುದು, ಗಡ್ಡ ಕೆರೆದುಕೊಳ್ಳುವಾಗ ಹೇಳುವುದು, ಬಟ್ಟೆ ಒಣಹಾಕುವಾಗ ಹೇಳುವುದು. ಹೇಳುತ್ತ ಹೇಳುತ್ತ ಅರ್ಥ ಸವೆದುಹೋಗಿ ಬರಿಯ ನಡಿಗೆ ಉಳಿಯುತ್ತಿತ್ತು. ಎಲ್ಲಿ ಏರು, ಎಲ್ಲಿ ಇಳಿಜಾರು, ಎಲ್ಲಿ ನಿಂತು ಉಸಿರು ಬಿಡಬೇಕು ಎಂಬುದು ಕಾಲಿಗೆ ಗೊತ್ತಾಗುತ್ತಿತ್ತು. ಆಮೇಲೆ ಪಿಯಾನೋದ ಮುಂದೆ ಕೂರುತ್ತಿದ್ದರು.

"ನಿಮ್ಮದು ಓದೋದಲ್ಲ, ಮೇಯೋದು," ಎಂದು ಹೆಂಡತಿ ಹಂಗಿಸುತ್ತಿದ್ದಳು. ಅವಳು ಊರಿನ ಪುಸ್ತಕಾಲಯದಲ್ಲಿ ಕೆಲಸಕ್ಕಿದ್ದವಳು. ಒಂದು ಪುಸ್ತಕವನ್ನು ಎರಡು ಸಲ ಓದದೆ ಅದರ ಬಗ್ಗೆ ಮಾತೆತ್ತುವವಳಲ್ಲ.

ಆದರೆ ಮೇದದ್ದು ವ್ಯರ್ಥವಾಗಲಿಲ್ಲ. ಬಾವಿ ತೋಡುವವರ ಕುರಿತ ಒಂದು ಕಾದಂಬರಿಯಿಂದ 'ಕಲ್ಲು ಬಂತು' ಎಂಬ ಎರಡೇ ಪದ ಎತ್ತಿಕೊಂಡು ಮಾಸ್ತರು ಕಟ್ಟಿದ ಜಾಝ್ ತುಣುಕನ್ನು ಹೋಟೆಲುಗಳಲ್ಲಿ ಊಟ ಮಾಡುವವರು ಚಮಚ ಕೆಳಗಿಟ್ಟು ಕೇಳುತ್ತಿದ್ದರು. ಮುದಿ ಎತ್ತಿನ ಮೇಲಿನ ಒಂದು ಪದ್ಯದಿಂದ ಇನ್ನೊಂದು ಹುಟ್ಟಿತು. ಹೀಗೆ ಸಾಲಿನಿಂದ ಸಾಲಿಗೆ ದಾಟುತ್ತ, ಹೋಟೆಲಿನ ಮೂಲೆಯಿಂದ ಸಭಾಂಗಣಕ್ಕೂ, ಸಭಾಂಗಣದಿಂದ ಧ್ವನಿಮುದ್ರಣದ ಕೋಣೆಗೂ ಅವರ ಬದುಕು ಏರಿತು. ಸಾಹಿತ್ಯವನ್ನು ಜಾಝಿಗೆ ತಂದವರು ಎಂದು ಪತ್ರಿಕೆಗಳು ಬರೆದವು. ಅವರ ತಂಡದಲ್ಲಿ ಇದ್ದವರು ಮೂವರೇ. ಪಿಯಾನೋಕ್ಕೆ ಅವರು, ಡ್ರಮ್ಮಿಗೆ ಹೆಂಡತಿಯ ತಮ್ಮ, ಬೇಸ್ ಎಂಬ ದೊಡ್ಡ ತಂತಿವಾದ್ಯಕ್ಕೆ 'ಏಣಿ'. ಈ ಏಣಿ ತನ್ನ ವಾದ್ಯಕ್ಕಿಂತ ಒಂದು ತಲೆ ಎತ್ತರವಿದ್ದ ಮನುಷ್ಯ. ಅವನ ನಿಜವಾದ ಹೆಸರನ್ನು ಅವನ ಅತ್ತೆಯ ಮನೆಯವರೂ ಮರೆತಿದ್ದರು.

ಎಲ್ಲಕ್ಕಿಂತ ಹೆಸರು ತಂದದ್ದು 'ನೆರೆ.'

ಅದರ ಸಾಲುಗಳು ಒಂದು ಪುಟ್ಟ ಕಥೆಯ ಕೊನೆಯಲ್ಲಿದ್ದವು. ಕಥೆ ಬರೆದವಳು ದೂರದ ಒಂದು ಬಯಲುಸೀಮೆಯ ಶಾಲೆಯಲ್ಲಿ ಮೇಷ್ಟ್ರಾಗಿದ್ದ ಹೆಂಗಸು. ಮಾಸ್ತರು ಎಂದಿನ ಹಾಗೆ ಪುಸ್ತಕ ಅಗಲಿಸಿದಾಗ ಕಣ್ಣಿಗೆ ಬಿದ್ದದ್ದು ಇಷ್ಟು: 'ಆ ರಾತ್ರಿ ಅವಳು ದೀಪ ಆರಿಸಲಿಲ್ಲ. ಬೆಳಗಾಗುವ ಹೊತ್ತಿಗೆ ನೆರೆ ಬಂತು. ಯಾರೂ ಕಾಣಲಿಲ್ಲ. ಅವಳು ಎದ್ದು ಬಾಗಿಲು ಹಾಕಿಕೊಂಡಳು.'

ಮಾಸ್ತರು ಹೊಳೆದಂಡೆಯಲ್ಲಿ ಹುಟ್ಟಿದವರು. ಅವರ ಹಳ್ಳಿಯಲ್ಲಿ ನೆರೆ ಎಂದರೆ ನೀರು. ಅದಕ್ಕೆ ಬೇರೆ ಅರ್ಥವಿರಬಹುದೆಂದು ಯೋಚಿಸುವ ಪುರಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ. ಅವರು ಇನ್ನೂ ಅಪ್ಪನ ಹೆಗಲ ಮೇಲೆ ಕೂರುವಷ್ಟು ಚಿಕ್ಕವರಿದ್ದಾಗ ಒಂದು ಬೆಳಗಿನ ಜಾವ ನೆರೆ ಬಂತು. ಅಪ್ಪ ಕೊಟ್ಟಿಗೆಯ ಹಗ್ಗ ಬಿಚ್ಚಲು ಹೋದರು. ಹಸುಗಳು ಈಜಿ ದಂಡೆ ಹತ್ತಿದವು, ಅಪ್ಪ ಹತ್ತಲಿಲ್ಲ. ಅಮ್ಮ ಮಗನನ್ನು ಕಂಕುಳಲ್ಲಿ ಇರುಕಿಕೊಂಡು ಮನೆಯ ಮಾಡಿನ ಮೇಲೆ ಕೂತು ಕೂಗಿದಳು. ಯಾರೂ ಕಾಣಲಿಲ್ಲ. ಈ ಎರಡು ಪದಗಳನ್ನು ಓದಿದಾಗಲೇ ಮಾಸ್ತರಿಗೆ ಮೈ ಜುಮ್ಮೆಂದದ್ದು. ತಾನು ಯಾರಿಗೂ ಹೇಳದ್ದನ್ನು ಎಂದೂ ಕಾಣದ ಒಬ್ಬ ಹೆಂಗಸು ಬರೆದಿಟ್ಟಿದ್ದಾಳೆ ಎನ್ನಿಸಿತು.

ಆ ಸಲ ಮಾತ್ರ ಅವರು ಕಥೆಯನ್ನು ಮೊದಲಿನಿಂದ ಓದಿದರು. ಕಥೆಯ ತುಂಬ ಬಿಸಿಲು, ಒಣಗಿದ ಬಾವಿ, ಕೆಲಸ ಹುಡುಕಿ ಹೋದ ಹಿರಿಮಗನನ್ನು ಕಾಯುವ ತಾಯಿ. ಎಲ್ಲೂ ಒಂದು ಹಳ್ಳವಿಲ್ಲ, ಒಂದು ಮೋಡವಿಲ್ಲ. ಅದೇ ಅವರಿಗೆ ದೊಡ್ಡ ಸಂಗತಿಯಾಗಿ ಕಂಡಿತು. ಹೊಳೆಯೇ ಇಲ್ಲದ ಊರಿಗೆ ಕೊನೆಯ ಪುಟದಲ್ಲಿ ನೆರೆ ತಂದಿದ್ದಾಳಲ್ಲ, ಎಂಥ ಎದೆಗಾರಿಕೆ ಇವಳದು ಎಂದುಕೊಂಡರು. ಮುಂದೆ ವೇದಿಕೆಗಳ ಮೇಲೆ, 'ನೆರೆ' ಬಾರಿಸುವ ಮೊದಲು, ಇದೇ ಮಾತನ್ನು ಹೇಳುವುದು ವಾಡಿಕೆಯಾಯಿತು. ಜನ ತಲೆದೂಗುತ್ತಿದ್ದರು.

ಬಲಗೈಯಲ್ಲಿ ಒಂದು ಸಣ್ಣ ರಾಗ, ದೀಪದ ಕುಡಿಯ ಹಾಗೆ. ಅದು ಸ್ವಲ್ಪ ಹೊತ್ತು ಉರಿದ ಮೇಲೆ ಎಡಗೈ, ಪಿಯಾನೋದ ತೀರ ತಳದಿಂದ, ಬಾಗಿಲ ಸಂದಿಯಲ್ಲಿ ನೀರು ನುಗ್ಗುವಂತೆ ಬರುತ್ತಿತ್ತು. ಮೊದಲು ಪಿಸುಮಾತಿನಷ್ಟು, ಆಮೇಲೆ ಮೊಣಕಾಲಿಗೆ, ಸೊಂಟಕ್ಕೆ, ಎದೆಗೆ. ಡ್ರಮ್ಮು ಮರದ ದಿಮ್ಮಿಗಳಂತೆ ಗೋಡೆಗೆ ಬಡಿಯುತ್ತಿತ್ತು. ಕೇಳಿದವರು ಅತ್ತಿದ್ದಾರೆ. ನೀರಿನಲ್ಲಿ ಮನೆ ಕಳೆದುಕೊಂಡ ಒಂದು ಊರಿನವರು ಬಂದು ಅವರ ಎಡಗೈಯನ್ನು ಹಿಡಿದು ಕಣ್ಣಿಗೊತ್ತಿಕೊಂಡಿದ್ದರು. ಮಾಸ್ತರ ಬದುಕಿನಲ್ಲಿ ಇದು ಬರಿಯ ಹೆಸರು ತಂದ ತುಣುಕಲ್ಲ. ಅಪ್ಪನಿಗೆ ಅವರು ಕಟ್ಟಿದ ಗೋರಿ ಅದೊಂದೇ.

ಕಥೆ ಬರೆದ ಟೀಚರಮ್ಮ ಮಾತ್ರ ಅದನ್ನು ಕೇಳಿರಲಿಲ್ಲ. ಅವರು ತಮ್ಮ ಊರು ಬಿಟ್ಟು ಕದಲುವವರಲ್ಲ. ಮನೆಯಲ್ಲಿ ರೇಡಿಯೋ ಕೂಡ ಇಲ್ಲವಂತೆ. ಅನುಮತಿ ಕೇಳಿದ್ದಕ್ಕೆ ಆಗ 'ಆಗಬಹುದು' ಎಂದು ಒಂದು ಕಾರ್ಡು ಬಂದಿತ್ತು, ಅಷ್ಟೆ. ಈಗ ಅವರಿಗೆ ಎಂಬತ್ತಾಯಿತು. ಸಭಾಂಗಣದವರು ಅವರನ್ನು ಕರೆಸಿ, ಶಾಲು ಹೊದಿಸಿ, ಅವರ ಎದುರಿಗೇ 'ನೆರೆ' ಬಾರಿಸಬೇಕೆಂದು ಏರ್ಪಾಡು ಮಾಡಿದರು. ಟಿಕೆಟ್ಟು ಎಂದೋ ಮುಗಿದಿತ್ತು.

ಕಾರ್ಯಕ್ರಮ ಸಂಜೆಗೆ. ಮಧ್ಯಾಹ್ನ ಮೂವರೂ ಅಭ್ಯಾಸಕ್ಕೆ ಕೂತಿದ್ದಾಗ, ಹೇಳಿದ್ದಕ್ಕಿಂತ ಮೊದಲೇ ಅಜ್ಜಿ ಬಂದುಬಿಟ್ಟರು. ತಮ್ಮನ ಮಗ ಕಾರಿನಲ್ಲಿ ಬಿಟ್ಟು ಹೋಗಿದ್ದನಂತೆ. ತೆಳ್ಳಗಿನ ಮೈ, ದಪ್ಪ ಕನ್ನಡಕ, ಮಡಿಲಲ್ಲಿ ಒಂದು ಚೀಲ. ಮೂರನೆಯ ಸಾಲಿನ ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ ಕೂತು, ನೀವು ನಿಮ್ಮ ಕೆಲಸ ಮಾಡಿ, ನಾನು ಇಲ್ಲೇ ಇರುತ್ತೇನೆ ಎಂದರು. ಮಾಸ್ತರಿಗೆ ಖುಷಿಯಾಯಿತು. ಖಾಲಿ ಸಭಾಂಗಣದಲ್ಲಿ ಅವರೊಬ್ಬರಿಗೇ ಮೊದಲು ಕೇಳಿಸುವುದು ಇನ್ನೂ ಚೆಂದ ಎಂದುಕೊಂಡು, ಕಣ್ಣಲ್ಲೇ ಏಣಿಗೆ ಸನ್ನೆ ಮಾಡಿದರು. ಅವತ್ತು ಎಡಗೈ ಎಂದಿಗಿಂತ ಚೆನ್ನಾಗಿ ಓಡಿತು.

ಮುಗಿದ ಮೇಲೆ ಅಜ್ಜಿ ಎದ್ದು, ಕುರ್ಚಿಗಳ ಬೆನ್ನು ಹಿಡಿದುಕೊಂಡು, ನಿಧಾನವಾಗಿ ವೇದಿಕೆಯ ಅಂಚಿಗೆ ಬಂದರು. ಚೆನ್ನಾಗಿ ಬಾರಿಸುತ್ತೀರಿ, ಬೆರಳು ಒಳ್ಳೆ ಪಳಗಿದ್ದಾವೆ ಎಂದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ ಕೇಳಿದರು:

"ಅಲ್ಲಪ್ಪ, ಒಂದು ತಲೆಗೂದಲಿಗೆ ಇಷ್ಟೊಂದು ಗದ್ದಲ ಯಾಕೆ?"

ಏಣಿ ಗೊಳ್ಳೆಂದು ನಕ್ಕ. ಭಾಮೈದನೂ ಡ್ರಮ್ಮಿನ ಹಿಂದಿನಿಂದ ನಕ್ಕ. ಅವರು ನಕ್ಕರೆಂದು ಮಾಸ್ತರೂ ನಕ್ಕರು. ತಲೆಗೂದಲು ಎಲ್ಲಿಂದ ಬಂತು ಎಂಬುದು ಅವರಿಗೆ ಹೊಳೆಯಲಿಲ್ಲ. ವಯಸ್ಸಾದವರು, ಏನನ್ನೋ ಏನಕ್ಕೋ ಸೇರಿಸಿ ಹೇಳುತ್ತಿದ್ದಾರೆ ಎಂದುಕೊಂಡರು.

ಅಜ್ಜಿ ನಗಲಿಲ್ಲ. ಅದು ತಮ್ಮ ತಾಯಿಯದೇ ಕಥೆ ಎಂದು ಹೇಳತೊಡಗಿದರು. ಅಣ್ಣ ಸತ್ತ ಸುದ್ದಿ ಬಂದ ರಾತ್ರಿ ಅಮ್ಮ ಅಳಲಿಲ್ಲ, ಮಾತಾಡಲಿಲ್ಲ, ದೀಪದ ಮುಂದೆ ಕೂತಳು. ಬೆಳಗಾಗುವ ಹೊತ್ತಿಗೆ ಕಪ್ಪು ತಲೆ ಅಷ್ಟೂ ನೆರೆತು ಹೋಗಿತ್ತು. ಮನೆಯಲ್ಲಿ ಅಷ್ಟು ಜನರಿದ್ದರೂ ಒಬ್ಬರೂ ಗಮನಿಸಲಿಲ್ಲ. ಸಂಜೆ ಜಡೆ ಹಾಕಿಸಿಕೊಳ್ಳಲು ಹೋದಾಗ ತಾವು ಕಂಡದ್ದು. "ನೆರೆ ಬಂತು, ಯಾರೂ ಕಾಣಲಿಲ್ಲ ಅಂತ ಬರೆದೆ. ಅಷ್ಟೇ ಆಗಿದ್ದು. ಶಬ್ದವೇ ಆಗಲಿಲ್ಲ ಅವತ್ತು ನಮ್ಮನೇಲಿ. ಅದಕ್ಕೇ ಕೇಳಿದೆ."

ಮಾಸ್ತರ ಎಡಗೈ ಇನ್ನೂ ಪಿಯಾನೋದ ತಳದ ಸ್ವರಗಳ ಮನೆಗಳ ಮೇಲಿತ್ತು. ಹೊರಗೆ ಯಾರೋ ಗುಡಿಸುತ್ತಿದ್ದ ಸದ್ದು ಬಹಳ ದೊಡ್ಡದಾಗಿ, ಬಹಳ ಸ್ಪಷ್ಟವಾಗಿ ಕೇಳತೊಡಗಿತು. ನೆರೆ. ನೆರೆತ ಕೂದಲು. ಎಳೆಮಗುವಿಗೂ ಗೊತ್ತಾಗುವಂಥ ಪದ. ಕನ್ನಡಿಯ ಮುಂದೆ ನಿಂತು ತಾವೇ ಎಷ್ಟು ಸಲ ಹೇಳಿಲ್ಲ, ಮೀಸೆಗೆ ನೆರೆ ಬಂತು ಎಂದು. ಆದರೂ ಆ ಪುಟದ ಮೇಲೆ, ಆ ಸಾಲಿನೊಳಗೆ, ಒಂದು ದಿನವಾದರೂ ಅದು ಕೂದಲಾಗಿ ಕಂಡಿರಲಿಲ್ಲ.

"ಹೌದು, ಹೌದು," ಎಂದರು ಮಾಸ್ತರು. ಪಿಯಾನೋದ ಮುಚ್ಚಳ ಹಾಕಿದರು. ಟೀಚರಮ್ಮ ಕನ್ನಡಕ ಏರಿಸಿಕೊಂಡು ಅವರನ್ನೇ ನೋಡುತ್ತಿದ್ದರು.

ವೇದಿಕೆಯ ಹಿಂದಿನ ಕೋಣೆಗೆ ಬಂದಾಗ ಮಾಸ್ತರಿಗೆ ಕೂರಲಾಗಲಿಲ್ಲ. ಅಲ್ಲಿ ಒಂದು ಹರಕು ಸೋಫಾ, ಗೋಡೆಯುದ್ದಕ್ಕೂ ಕನ್ನಡಿ. ಕನ್ನಡಿಗೆ ಬೆನ್ನು ಮಾಡಿ ನಿಂತರು. ಏಣಿ ಟೀ ತರಲು ಹೋಗಿದ್ದ. ಭಾಮೈದ ಕಾಲು ಚಾಚಿ ಕೂತು, ಅಜ್ಜಿ ಸರಿಯಾಗಿ ಕೊಟ್ಟರು ನೋಡಿ ಎಂದು ಇನ್ನೂ ನಗುತ್ತಿದ್ದ. ಮಾಸ್ತರು ಏನೂ ಅಲ್ಲವೆಂಬಂತೆ, ಆ ಕಥೆಯನ್ನು ನೀನು ಓದಿದ್ದೀಯೇನೋ ಎಂದು ಕೇಳಿದರು. ಓದದೆ ಏನು, ಅಕ್ಕ ಬಿಡುತ್ತಾಳೆಯೇ, ತಂಡಕ್ಕೆ ಸೇರಿದ ದಿನವೇ ಕೈಗೆ ಕೊಟ್ಟು ಓದಿಸಿದಳು ಎಂದ ಅವನು.

"ಓದಿ?"

"ಓದಿ ತಲೆ ಕೆಡ್ತು ಭಾವ. ಕೂದಲು ಬೆಳ್ಳಗಾಗೋದನ್ನ ಈ ಮನುಷ್ಯ ಹೊಳೆ ಮಾಡಿ ಹರಿಸಿದ್ದಾನಲ್ಲ, ಇಂಥ ತಲೆ ನಮಗೆ ಯಾವ ಜನ್ಮಕ್ಕೂ ಬರಲ್ಲ ಅಂತ ಏಣಿಗೆ ಹೇಳಿದ್ದೆ. ಅವನೂ ಹಂಗೇ ಅಂದ."

ಮಾಸ್ತರು ಸೋಫಾದ ತೋಳು ಹಿಡಿದುಕೊಂಡರು. ಬಿದ್ದ ಪೆಟ್ಟು ಅಜ್ಜಿಯ ಮಾತಿನದು ಎಂದು ಇಷ್ಟು ಹೊತ್ತು ತಿಳಿದಿದ್ದರು. ನಿಜವಾದ ಪೆಟ್ಟು ಈಗ ಬಿತ್ತು. ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಯಾರೂ ತಿದ್ದಲಿಲ್ಲ. ತಿದ್ದುವಂಥದ್ದು ಏನಾದರೂ ಇದೆಯೆಂದು ಅವರಿಗೆ ಅನ್ನಿಸಿಯೇ ಇರಲಿಲ್ಲ. ಎಲ್ಲರೂ ಅದನ್ನು ಮಾಸ್ತರ ಜಾಣತನವೆಂದು ಹೊತ್ತು ಮೆರೆಸಿದ್ದರು.

ಆಮೇಲೆ ಹಳೆಯ ಮಾತುಗಳೆಲ್ಲ ಒಂದೊಂದಾಗಿ ಎದ್ದುಬಂದು ಮುಖ ತಿರುಗಿಸಿ ತೋರಿಸತೊಡಗಿದವು. ಒಬ್ಬ ದೊಡ್ಡ ವಿಮರ್ಶಕರು 'ತಲೆಯ ಮೇಲೆ ಬಂದ ನೆರೆಯನ್ನು ಈತ ನಮ್ಮೆಲ್ಲರ ಕಾಲಡಿಗೆ ತಂದ' ಎಂದು ಬರೆದಿದ್ದರು. ನೀರು ತಲೆಯ ಮಟ್ಟ ಮೀರಿ ಬಂದದ್ದನ್ನು ಹೇಳುತ್ತಿದ್ದಾರೆ ಎಂದು ತಿಳಿದು ಮಾಸ್ತರು ಆ ಕಾಗದವನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಒಂದು ಸಂದರ್ಶನದಲ್ಲಿ, ಮುಪ್ಪು ನಿಮಗೆ ಪ್ರವಾಹದಂತೆ ಕಾಣುತ್ತದೆಯೇ ಎಂದು ಕೇಳಿದ್ದಕ್ಕೆ, ಇದೇನು ಸಂಬಂಧವಿಲ್ಲದ ಪ್ರಶ್ನೆ ಎಂದುಕೊಂಡು, ನನಗಿನ್ನೂ ಅಷ್ಟು ವಯಸ್ಸಾಗಿಲ್ಲ ಎಂದಿದ್ದರು. ಸಭೆ ನಕ್ಕಿತ್ತು. 'ಹೊಳೆಯೇ ಇಲ್ಲದ ಊರಿಗೆ ನೆರೆ ತಂದವಳು' ಎಂದು ತಾವು ವೇದಿಕೆಯಲ್ಲಿ ಹೇಳಿದಾಗ ಜನ ತಲೆದೂಗಿದ್ದು ಶ್ಲೇಷೆಗೆ. ಮಾತಿನ ಚಮತ್ಕಾರಕ್ಕೆ. ತಾವು ಒಂದು ಚಮತ್ಕಾರವನ್ನೂ ಮಾಡಿರಲಿಲ್ಲ. ಪೆದ್ದನೊಬ್ಬ ತನಗೆ ಕಂಡದ್ದನ್ನು ಕಂಡ ಹಾಗೆ ಹೇಳುತ್ತ ಬಂದದ್ದನ್ನು ಲೋಕ ಜಾಣನ ಮಾತೆಂದು ಕೇಳಿತ್ತು.

ಅಷ್ಟರಲ್ಲಿ ಹೆಂಡತಿ ಬಂದಳು. ಇಸ್ತ್ರಿ ಮಾಡಿದ ಕೋಟನ್ನು ತೋಳಿನ ಮೇಲೆ ಹಾಕಿಕೊಂಡಿದ್ದಳು. ಮುಖ ಯಾಕೆ ಹೀಗಾಗಿದೆ, ಊಟ ಬಿಟ್ಟಿರಾ ಎಂದು ಹಣೆ ಮುಟ್ಟಿ ನೋಡಿದಳು. ಆ ಪುಸ್ತಕ ತಂದು ಮೇಜಿನ ಮೇಲಿಟ್ಟವಳು ಇವಳೇ. ಎರಡು ಸಲ ಓದದೆ ಮಾತಾಡದವಳು. ಇವಳು ಕೂಡ ಇಷ್ಟು ವರ್ಷ ತನ್ನನ್ನು ಜಾಣನೆಂದು ನಂಬಿ ಬದುಕಿದ್ದಾಳೆಯೇ ಎಂಬ ಪ್ರಶ್ನೆ ಮಾಸ್ತರಿಗೆ ಹೊಳೆಯಿತು. ಕೇಳಬೇಕೆಂದಿದ್ದುದನ್ನು ಕೇಳದೆ ಕೋಟಿಗೆ ತೋಳು ತೂರಿಸಿದರು. ಹೆಂಡತಿ ಕಾಲರು ಸರಿಮಾಡಿ, ಅಜ್ಜಿಯ ಪಕ್ಕದಲ್ಲೇ ತನಗೆ ಕುರ್ಚಿ ಹಾಕಿದ್ದಾರೆ, ಹೋಗುತ್ತೇನೆ ಎಂದು ಹೊರಟಳು.

ಅವಳು ಹೋದ ಹಾದಿಯಲ್ಲೇ ಟೀಚರಮ್ಮ ಬಂದರು. ಭಾಮೈದ ಎದ್ದು ಸೋಫಾ ಬಿಟ್ಟುಕೊಟ್ಟು ಹೊರಗೆ ಹೋದ. ಅಜ್ಜಿ ಕೂರಲಿಲ್ಲ. ಬಹಳ ವರ್ಷ ಮಕ್ಕಳಿಗೆ ಪಾಠ ಹೇಳಿದವರು. ಪಾಠ ತಪ್ಪಾಗಿ ಓದಿದ ಹುಡುಗನ ಮುಖ ಹೇಗಿರುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ನಿಮಗೆ ಗೊತ್ತಿರಲಿಲ್ಲ, ಅಲ್ವಾ?"

ಮಾಸ್ತರು ಇಲ್ಲವೆಂದು ತಲೆಯಾಡಿಸಿದರು. ತಮ್ಮ ಹಳ್ಳಿ, ಕೊಟ್ಟಿಗೆ, ಅಪ್ಪ, ಮನೆಯ ಮಾಡು ಇಷ್ಟನ್ನೂ ನಿಂತಲ್ಲೇ, ತೊದಲುತ್ತ, ಹಿಂದು ಮುಂದಾಗಿ ಹೇಳಿದರು. ಅಜ್ಜಿ ಮಧ್ಯೆ ಬಾಯಿ ಹಾಕದೆ ಕೇಳಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಕನಿಕರವೂ ಇದ್ದಂತೆ ಕಾಣಲಿಲ್ಲ. ಕೇಳಿ ಮುಗಿದ ಮೇಲೆ, ನೀರಿನಲ್ಲಿ ಹೋದವರಿಗೆ ಯಾರಾದರೂ ಹಾಡಲೇಬೇಕು, ಅದರಲ್ಲಿ ತಪ್ಪಿಲ್ಲ ಎಂದರು.

"ಆದರೆ ಸಂಜೆ ಒಳಗೆ ಒಂದು ತೀರ್ಮಾನ ಮಾಡಿ. ಇವತ್ತು ಬಾರಿಸೋದು ನಿಮ್ಮ ಅಪ್ಪನ್ನೋ, ನಮ್ಮ ಅಮ್ಮನ್ನೋ? ಅಪ್ಪನ್ನ ಬಾರಿಸೋದಾದ್ರೆ ನನ್ನ ಕಥೆ ಅಂತ ಹೇಳ್ಬೇಡಿ. ಸುಮ್ಮನೆ ಕೂತು ಕೇಳ್ತೀನಿ. ಅಮ್ಮನ್ನ ಅಂತ ಹೇಳಿ ಹೊಳೆ ಹರಿಸಿದ್ರೆ ಮಾತ್ರ ನಂಗೆ ಕೂರೋಕಾಗಲ್ಲ."

ಇಷ್ಟು ಹೇಳಿ, ಮೂತ್ರಕ್ಕೆ ಹೋಗಬೇಕು, ದಾರಿ ಯಾವ ಕಡೆ ಎಂದು ಕೇಳಿಕೊಂಡು ಹೋದರು.

ಮಾಸ್ತರು ಒಬ್ಬರೇ ಉಳಿದರು. ಯಾರ ಕಥೆಯೆಂದು ಹೇಳದೆ ಬಾರಿಸುವಂತಿಲ್ಲ. ಹೊರಗೆ ಕಟ್ಟಿದ ಬಟ್ಟೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ ಅಜ್ಜಿಯ ಕಥೆಯ ಹೆಸರೇ ಇತ್ತು. ಬಾರಿಸದೆ ಬಿಡುವಂತೆಯೂ ಇಲ್ಲ. ಗೋಡೆಯಾಚೆ ಕುರ್ಚಿಗಳು ತುಂಬುವ ಸದ್ದು ಬರುತ್ತಿತ್ತು.

ಅವರಿಗೆ ಅಮ್ಮನ ನೆನಪಾಯಿತು. ನೆರೆಯ ಆ ಬೆಳಗು ಅವರಿಗೆ ಇಂಚಿಂಚಾಗಿ ನೆನಪಿತ್ತು. ಹಗ್ಗ ಬಿಚ್ಚಿದ ಹಸುವಿನ ಕೊರಳ ಗಂಟೆ, ಮಾಡಿನ ಹೆಂಚು ಜಾರಿದ ಸದ್ದು, ನೀರಿನ ಮೇಲೆ ಮುಚ್ಚಿಕೊಂಡು ತೆರೆದುಕೊಳ್ಳುತ್ತಿದ್ದ ಕದ, ಎಲ್ಲವನ್ನೂ ಎಡಗೈಗೆ ಇಳಿಸಿದ್ದರು. ಅಮ್ಮ ಅದರಲ್ಲಿ ಎಲ್ಲಿದ್ದಳು? ಕೂಗಿದ ದನಿ ಮಾತ್ರ ಇತ್ತು. ಆಮೇಲಿನ ಅಮ್ಮ, ಊರವರನ್ನೆಲ್ಲ ತಂದು ತುಂಬಿದ ಶಾಲೆಯ ಕೋಣೆಯಲ್ಲಿ ಗೋಡೆಗೊರಗಿ ಕೂತಿದ್ದ ಅಮ್ಮ, ಪಟ್ಟಣ ಸೇರಿ ಬಟ್ಟೆ ಒಗೆಯುವ ಕಾರ್ಖಾನೆಯ ಹಬೆಯಲ್ಲಿ ಬದುಕು ಸವೆಸಿದ ಅಮ್ಮ, ದೊಡ್ಡ ಹೋಟೆಲಿಗೆ ಹಾಸಿಗೆ ಬಟ್ಟೆ ಹೊತ್ತು ಹೋದಾಗ ಮಗನನ್ನು ಪಿಯಾನೋದ ಬಳಿ ಕೂರಿಸಿ, ಇಲ್ಲೇ ಇರು, ಏನೂ ಮುಟ್ಟಬೇಡ ಎಂದಿದ್ದ ಅಮ್ಮ. ಅವಳ ತಲೆಗೆ ಯಾವಾಗಲೂ ಒಂದು ಬಟ್ಟೆ ಬಿಗಿದಿರುತ್ತಿತ್ತು. ಆ ಬಟ್ಟೆ ಶಾಲೆಯ ಕೋಣೆಯಲ್ಲೇ ಬಂದದ್ದು. ಯಾಕೆ ಕಟ್ಟಿದ್ದೀಯ ಎಂದು ಅವರು ಕೇಳಿರಲಿಲ್ಲ. ಹಬೆಗೋ, ಹೇನಿಗೋ, ಚಳಿಗೋ ಎಂದುಕೊಂಡಿರಬೇಕು; ಅಥವಾ ಏನೂ ಅಂದುಕೊಳ್ಳದೆ ಇದ್ದಿರಬೇಕು. ಸತ್ತಾಗ ತಲೆ ಪೂರ್ತಿ ಬೆಳ್ಳಗಿತ್ತು, ವಯಸ್ಸಾದವಳಿಗೆ ಇರುವ ಹಾಗೆ. ಆ ಬಿಳುಪು ಬಂದದ್ದು ಯಾವಾಗ? ಮಾಸ್ತರು ಎಷ್ಟು ತಡಕಿದರೂ ಅದು ಸಿಗಲಿಲ್ಲ. ಒಂದೇ ಕೋಣೆಯಲ್ಲಿ, ಒಂದೇ ಚಾಪೆಯ ಮೇಲೆ ಬೆಳೆದ ಮಗನಿಗೆ ಗೊತ್ತಿರಲಿಲ್ಲ. ಈ ಮಧ್ಯಾಹ್ನ ಕಂಡ ಮೂರು ಆಘಾತಗಳಲ್ಲಿ ಇದೊಂದು ಸದ್ದೇ ಮಾಡಲಿಲ್ಲ.

ವ್ಯವಸ್ಥಾಪಕ ಬಾಗಿಲಲ್ಲಿ ಇಣುಕಿ, ಹೊತ್ತಾಯಿತು ಎಂದ.

ಶಾಲು ಹೊದಿಸುವುದು, ಹೊಗಳಿಕೆ, ಫೋಟೋ ಎಲ್ಲ ಆಯಿತು. ಟೀಚರಮ್ಮ ಶಾಲನ್ನು ಮಡಚಿ ಚೀಲದೊಳಗಿಟ್ಟುಕೊಂಡು ಮೊದಲ ಸಾಲಿನಲ್ಲಿ ಕೂತರು. ಪಕ್ಕದಲ್ಲಿ ಮಾಸ್ತರ ಹೆಂಡತಿ. ದೀಪಗಳು ಕುಂದಿದವು. ಎಂದಿನ ಹಾಗೆ ಮೊದಲ ಮಾತಿಗೆ ಮಾಸ್ತರು ಮೈಕಿನ ಮುಂದೆ ನಿಂತರು. ಎಂದಿನ ಮಾತು ಬರಲೆಂದು ಜನ ಕಾದಿದ್ದರು.

"ಇಷ್ಟು ವರ್ಷ ಇದನ್ನ ಹೊಳೆ ನೆರೆ ಅಂತಾನೇ ತಿಳ್ಕೊಂಡು ಬಾರಿಸಿದೆ," ಎಂದರು ಮಾಸ್ತರು. "ತಲೆ ನೆರೆಯೋದು ಅಂತ ಇವತ್ತು ಮಧ್ಯಾಹ್ನ ಗೊತ್ತಾಯ್ತು. ಅಜ್ಜಿ ಹೇಳಿದ್ರು."

ಸಭೆ ನಕ್ಕಿತು. ಹಿಂದಿನ ಸಾಲುಗಳಿಂದ ಅಲೆಅಲೆಯಾಗಿ ನಗು ಮುಂದಕ್ಕೆ ಬಂತು, ಅದರ ಹಿಂದೆಯೇ ಚಪ್ಪಾಳೆ. ಏಣಿ ತನ್ನ ವಾದ್ಯಕ್ಕೆ ಹಣೆ ಹಚ್ಚಿ ನಗುತ್ತಿದ್ದ. ಮಾಸ್ತರು ಗಾಬರಿಯಿಂದ ಮೈಕನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, ಇಲ್ಲ, ನಿಜವಾಗಿ ಗೊತ್ತಿರಲಿಲ್ಲ ಎಂದರು. ನಗು ಮತ್ತಷ್ಟು ಏರಿತು. ಯಾರೋ ಮೇಲಿನ ಅಂತಸ್ತಿನಿಂದ ಭಲೇ ಎಂದು ಕೂಗಿದರು. ನಿಜವನ್ನು ಇದಕ್ಕಿಂತ ಬಿಡಿಸಿ ಹೇಳುವ ಮಾತು ಅವರ ಬಳಿ ಇರಲಿಲ್ಲ. ಲೋಕ ತಮಗೆ ಕಟ್ಟಿದ ಜಾಣತನದಿಂದ ಹೊರಬರಲು ಬಾಗಿಲೇ ಇಲ್ಲ ಎಂಬುದು ಆ ಬೆಳಕಿನಲ್ಲಿ ನಿಂತಾಗ ತಿಳಿಯಿತು.

ಮೊದಲ ಸಾಲಿನಲ್ಲಿ ಇಬ್ಬರು ನಗಲಿಲ್ಲ. ಒಬ್ಬರು ಅಜ್ಜಿ. ಇನ್ನೊಬ್ಬಳು ಹೆಂಡತಿ. ಅವಳಿಗೆ ಗಂಡನ ತಮಾಷೆಯ ದನಿಯೂ ಗೊತ್ತು, ಈ ದನಿಯೂ ಗೊತ್ತು. ಅವಳ ಕೈ ನಿಧಾನವಾಗಿ ಬಾಯಿಯ ಮೇಲೆ ಬಂತು. ಮೇಜಿನ ಮೇಲೆ ಪುಸ್ತಕವಿಟ್ಟ ದಿನದಿಂದ ಹಿಡಿದು ಎಲ್ಲವನ್ನೂ ಅವಳು ಅಲ್ಲೇ ಕೂತು ಹಿಂದಕ್ಕೆ ಓದುತ್ತಿರುವುದು ಮಾಸ್ತರಿಗೆ ಕಾಣಿಸಿತು. ಆ ಮುಖವನ್ನು ನೋಡಲಾರದೆ ತಿರುಗಿ ಪಿಯಾನೋದ ಮುಂದೆ ಕೂತರು.

ಬಲಗೈ ಶುರುಮಾಡಿತು. ಆ ಸಣ್ಣ ರಾಗ. ಏಣಿ ಮೆಲ್ಲಗೆ ಜೊತೆಗೆ ಬಂದ. ಭಾಮೈದ ಬ್ರಷ್ಷಿನಿಂದ ಡ್ರಮ್ಮಿನ ಚರ್ಮವನ್ನು ಸವರುತ್ತ ಮುಂದಿನದಕ್ಕೆ ತಯಾರಾದ. ಎಡಗೈ ಬರಬೇಕಾದ ಜಾಗ ಬಂತು. ಅದಕ್ಕೆ ದಾರಿ ಗೊತ್ತು. ಗದ್ದೆ ಬಿಟ್ಟ ಎತ್ತಿಗೆ ಕೊಟ್ಟಿಗೆಯ ದಾರಿ ಗೊತ್ತಿರುವಂತೆ ಅದು ತಾನಾಗಿ ತಳದ ಮನೆಗಳ ಮೇಲೆ ಹೋಗಿ ನಿಂತಿತು. ಮಾಸ್ತರು ಅದನ್ನು ಒತ್ತಲು ಬಿಡಲಿಲ್ಲ. ಹಾಗೆ ತಡೆದು ಹಿಡಿಯಲು ಎಷ್ಟು ಬಲ ಬೇಕಾಯಿತೆಂದರೆ ಭುಜ ನಡುಗುತ್ತಿದ್ದದ್ದು ಹಿಂದಿನಿಂದ ಭಾಮೈದನಿಗೆ ಕಾಣುತ್ತಿತ್ತು. ಅಪ್ಪ ಅಲ್ಲೇ ಇದ್ದರು, ಆ ಬೆರಳುಗಳ ಕೆಳಗೆ, ಹಗ್ಗ ಬಿಚ್ಚುತ್ತ. ಬೆರಳು ಇಳಿದರೆ ಸಾಕು, ಬರುತ್ತಿದ್ದರು.

ಬಲಗೈ ಒಂದೇ ಮುಂದೆ ಹೋಯಿತು. ಅಡಿಯಲ್ಲಿ ಏನೂ ಇಲ್ಲದೆ ಆ ರಾಗ ಇಷ್ಟು ಬಡಕಲು ಎಂದು ಮಾಸ್ತರಿಗೆ ಗೊತ್ತಿರಲಿಲ್ಲ. ಕುರ್ಚಿಗಳು ಕಿರುಗುಟ್ಟಿದವು. ಯಾರೋ ಕೆಮ್ಮಿದರು. ನೀರಿಗಾಗಿ ಕಾದು ಕೂತಿದ್ದ ಸಭೆಗೆ ನೀರು ಬರಲಿಲ್ಲ. ಏಣಿ ಗೊಂದಲದಲ್ಲಿ ತಂತಿಯಿಂದ ಬೆರಳು ತೆಗೆದ. ಬ್ರಷ್ಷು ನಿಂತಿತು. ರಾಗ ಇನ್ನೊಂದು ಸಲ ಮೇಲೆ ಹೋಗಿ, ಅಲ್ಲಿಂದ ಇಳಿಯುವ ಬದಲು, ಇದ್ದ ಕಡೆಯೇ ಉಳಿಯಿತು. ಮಾಸ್ತರು ಬಲಗೈಯನ್ನೂ ಎತ್ತಿಕೊಂಡರು.

ಸಭಾಂಗಣ ಸ್ತಬ್ಧವಾಗಿತ್ತು. ಮೆಚ್ಚಿಕೆಯ ಮೌನ ಅದಲ್ಲ. ಮೆಟ್ಟಿಲು ಇದೆಯೆಂದು ಕಾಲಿಟ್ಟು, ಇಲ್ಲವೆಂದು ತಿಳಿದವರ ಮೌನ.

"ಭಾವ, ಮುಂದೆ?" ಎಂದ ಭಾಮೈದ, ತುಟಿಯಲ್ಲೇ.

ಆಗ ಮೊದಲ ಸಾಲಿನಲ್ಲಿ ಟೀಚರಮ್ಮ ಪಕ್ಕದವಳ ಕಡೆ ಬಾಗಿ, ಕಿವಿ ಮಂದವಾದವರು ಮಾತಾಡುವ ಗಟ್ಟಿ ದನಿಯಲ್ಲಿ, ಮುಗೀತಾ ಎಂದು ಕೇಳಿದ್ದು ಇಡೀ ಸಭೆಗೆ ಕೇಳಿಸಿತು. ಹೆಂಡತಿ ಬಾಯಿಯ ಮೇಲಿನ ಕೈ ತೆಗೆಯಲಿಲ್ಲ. ಉತ್ತರ ವೇದಿಕೆಯಿಂದ ಬಂತು.

"ಕಥೇಲಿ ಇರೋದು ಇಷ್ಟೇ ಟೀಚರಮ್ಮ," ಎಂದರು ಮಾಸ್ತರು. ಮೈಕಿನಿಂದ ದೂರವಿದ್ದುದರಿಂದ ದನಿ ಸಣ್ಣದಾಗಿ ಕೇಳಿಸಿತು.

ಅಜ್ಜಿ ಇದು ಸರಿಯಾಯಿತು ಎಂದಾಗಲೀ ಆಗಲಿಲ್ಲ ಎಂದಾಗಲೀ ಹೇಳಲಿಲ್ಲ. ಎದ್ದು ಹೋಗಲೂ ಇಲ್ಲ. ಮಡಿಲಿನ ಚೀಲವನ್ನು ಕೆಳಗಿಟ್ಟು, ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಕೂತರು. ಯಾರೂ ಚಪ್ಪಾಳೆ ತಟ್ಟಲಿಲ್ಲ.